ಸಂಪಾದಕರ ಉತ್ತರ: ತೊಗರಿ ಡಬ್ಬಿಗೆ ಬಂದ ವಿಶೇಷ ಬಹುಮಾನ

ಆಳಂದ ತಾಲೂಕಿನ ರೈತರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಎಂಟನೇ ತರಗತಿಯ ನನ್ನ ಮಗಳು ಕಲಬುರಗಿಯಲ್ಲಿ ನಡೆದ ವಿಭಾಗ ಮಟ್ಟದ ವಿಜ್ಞಾನ ಮೇಳಕ್ಕೆ ಹೋಗಿದ್ದಳು. ತೊಗರಿ ಕಾಳಿಗೆ ಹುಳು ಬೀಳದಂತೆ ಕಾಯುವ ಬಗೆಗಳನ್ನು ಎರಡು ತಿಂಗಳು ಪರೀಕ್ಷಿಸಿ ಬರೆದುಕೊಂಡಿದ್ದಳು. ಮೊದಲ ಮೂರು ಬಹುಮಾನಗಳು ದೀಪ ಮಿನುಗುವ, ಮೋಟಾರು ತಿರುಗುವ ದೊಡ್ಡ ಮಾದರಿಗಳ ಪಾಲಾದವು. ಇವಳಿಗೆ 'ವಿಶೇಷ ಬಹುಮಾನ' ಎಂದು ಒಂದು ಪ್ರಮಾಣಪತ್ರ ಕೊಟ್ಟರು. ಯಾಕೆ ಕೊಟ್ಟರೆಂದು ಅದರಲ್ಲಿ ಒಂದು ಸಾಲೂ ಇಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಊರಿನವರು ಅದನ್ನು ಸಮಾಧಾನಕರ ಬಹುಮಾನ ಎನ್ನುತ್ತಿದ್ದಾರೆ. ಇದಕ್ಕೆ ಬೆಲೆ ಇದೆಯೇ? ಮುಂದಿನ ವರ್ಷ ಪೇಟೆಯಲ್ಲಿ ದುಡ್ಡು ಕೊಟ್ಟು ಒಂದು ದೊಡ್ಡ ಮಾದರಿ ಮಾಡಿಸಿಬಿಡಲೇ?"

ಶರಣು. ಪತ್ರದ ಜೊತೆ ಮಗಳ ನೋಟ್‌ಬುಕ್ಕಿನ ಎರಡು ಪುಟಗಳ ಜೆರಾಕ್ಸ್ ಇಟ್ಟಿದ್ದೀರಿ. ಪತ್ರಕ್ಕಿಂತ ಹೆಚ್ಚು ಹೊತ್ತು ನಾನು ಓದಿದ್ದು ಆ ಪುಟಗಳನ್ನು.

ಸ್ಕೇಲು ಹಿಡಿದು ಎಳೆದ ಚೌಕಗಳು. ನಾಲ್ಕು ಡಬ್ಬಿಗೆ ನಾಲ್ಕು ಸಾಲು. ಪ್ರತಿ ಡಬ್ಬಿಯಲ್ಲೂ ಎಣಿಸಿ ಹಾಕಿದ ನೂರು ಕಾಳು, ಹಿಡಿದು ಬಿಟ್ಟ, ಕಾಳಿಗೆ ಬೀಳುವ ಐದು ದುಂಬಿ. ಒಂದಕ್ಕೆ ಏನೂ ಬೆರೆಸಿಲ್ಲ. ಒಂದಕ್ಕೆ ಒಣಗಿದ ಬೇವಿನ ಎಲೆ, ಇನ್ನೊಂದಕ್ಕೆ ಕುಳ್ಳಿನ ಬೂದಿ, ನಾಲ್ಕನೆಯದರಲ್ಲಿ ಕುಸುಬೆ ಎಣ್ಣೆ ಸವರಿದ ಕಾಳು. ಪ್ರತಿ ಭಾನುವಾರ ತೂತು ಬಿದ್ದ ಕಾಳುಗಳ ಲೆಕ್ಕ. ಕೊನೆಯ ಭಾನುವಾರ ಏನೂ ಬೆರೆಸದ ಡಬ್ಬಿಯಲ್ಲಿ 61, ಬೇವಿನದರಲ್ಲಿ 38, ಬೂದಿಯದರಲ್ಲಿ 9, ಎಣ್ಣೆಯದರಲ್ಲಿ 3. ನಡುವೆ ಒಂದು ವಾರದ ನಾಲ್ಕೂ ಚೌಕ ಖಾಲಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದಾಳೆ: "ಪಂಚಮಿಗೆ ಅಜ್ಜಿಯ ಊರಿಗೆ ಹೋಗಿದ್ದೆವು, ಎಣಿಸಲಿಲ್ಲ."

ಹಿಂದಿನ ವಾರದ ಸಂಖ್ಯೆ ಅವಳ ಕಣ್ಣ ಮುಂದೆಯೇ ಇತ್ತು, ಮುಂದಿನ ವಾರದ್ದೂ ಇತ್ತು. ನಡುವಿನದನ್ನು ಅಂದಾಜಿನಲ್ಲಿ ತುಂಬಿದ್ದರೆ ಯಾವ ತೀರ್ಪುಗಾರರಿಗೂ ತಿಳಿಯುತ್ತಿರಲಿಲ್ಲ. ಹದಿಮೂರು ವರ್ಷದ ಹುಡುಗಿ ಅದನ್ನು ಖಾಲಿ ಬಿಟ್ಟಿದ್ದಾಳೆ. ಆ ಮೇಳದಲ್ಲಿ ನಾನು ತೀರ್ಪುಗಾರನಾಗಿದ್ದರೆ ಅಲ್ಲಿಯೇ ನಿಂತುಬಿಡುತ್ತಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಿಶೇಷ ಬಹುಮಾನವೆಂದರೆ ಮೂರನೆಯದರ ಕೆಳಗಿನ ಮೆಟ್ಟಿಲು ಎಂಬ ಭಾವನೆ ನಮ್ಮ ಕಡೆ ಬೇರೂರಿದೆ. ಅದರ ಮೂಲ ಉದ್ದೇಶ ಬೇರೆ. ಅಮೆರಿಕದಲ್ಲಿ 1950ರಿಂದ ನಡೆದು ಬಂದಿರುವ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ, ಅಂದರೆ ಐಸೆಫ್, ಅದನ್ನೇ ನೋಡಿ. ಅರವತ್ತಕ್ಕೂ ಹೆಚ್ಚು ದೇಶಗಳ ಪ್ರೌಢಶಾಲಾ ಮಕ್ಕಳು ಅಲ್ಲಿಗೆ ಬರುತ್ತಾರೆ; ನಮ್ಮ ದೇಶದ ಮಕ್ಕಳು ಐರಿಸ್ ಎಂಬ ರಾಷ್ಟ್ರೀಯ ಮೇಳದಲ್ಲಿ ಆಯ್ಕೆಯಾಗಿ ಹೋಗುತ್ತಾರೆ. ಅಲ್ಲಿ ವಿಷಯವಾರು ಮುಖ್ಯ ಬಹುಮಾನಗಳನ್ನು ಮೇಳದವರು ಕೊಡುತ್ತಾರೆ. ವಿಶೇಷ ಬಹುಮಾನಗಳನ್ನು ಕೊಡುವವರು ಹೊರಗಿನವರು: ವೈಜ್ಞಾನಿಕ ಸಂಘಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ಸಂಸ್ಥೆಗಳು. ಅವರು ತಮ್ಮದೇ ತೀರ್ಪುಗಾರರನ್ನು ಕರೆತರುತ್ತಾರೆ, ತಮ್ಮ ಕ್ಷೇತ್ರಕ್ಕೆ ಬೇಕಾದುದನ್ನು ಹುಡುಕಿಕೊಂಡು ಮೇಜಿನಿಂದ ಮೇಜಿಗೆ ನಡೆಯುತ್ತಾರೆ. ಒಂದೇ ಮಗುವಿಗೆ ಎರಡೂ ಬರಬಹುದು. ಮುಖ್ಯ ಬಹುಮಾನ ತಪ್ಪಿ ವಿಶೇಷ ಬಹುಮಾನ ಮಾತ್ರ ದಕ್ಕಿದರೆ ಅದಕ್ಕೆ ಯಾರೂ ಅಳುವುದಿಲ್ಲ, ಏಕೆಂದರೆ ಆ ಕೆಲಸವನ್ನು ಬಲ್ಲವರೊಬ್ಬರು ಇದನ್ನು ಆರಿಸಿದ್ದಾರೆ ಎಂಬುದು ಅದರ ಮೇಲೆಯೇ ಬರೆದಿರುತ್ತದೆ.

ನಿಮ್ಮ ಮಗಳಿಗೆ ಸಿಕ್ಕ ಕಾಗದದಲ್ಲಿ ಇಲ್ಲದಿರುವುದು ಅದೇ. ಊರಿನವರ ಮಾತಿನಲ್ಲಿ ಸತ್ಯದ ಪಾಲೂ ಇದೆ ಎಂದು ಒಪ್ಪಬೇಕು. ಯಾವ ಶಾಲೆಯೂ ಬರಿಗೈಯಲ್ಲಿ ಹಿಂದಿರುಗಬಾರದೆಂದು ಸಮಾರೋಪದ ಹೊತ್ತಿಗೆ ವಿಶೇಷ ಬಹುಮಾನಗಳನ್ನು ಹಂಚಿದ್ದನ್ನು ನಾನೇ ನೋಡಿದ್ದೇನೆ. ಕಾರಣ ಬರೆಯದ ಬಹುಮಾನ ಮಗುವಿಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಸಂಘಟಕರಿಗೆ ಒಂದು ಪತ್ರ ಬರೆಯಿರಿ. ಜಗಳದ ಧಾಟಿ ಬೇಡ. ನನ್ನ ಮಗಳ ಯಾವ ಗುಣಕ್ಕೆ ಈ ಬಹುಮಾನ ಕೊಟ್ಟಿರಿ, ಎರಡು ಸಾಲು ಬರೆದು ಕೊಡಿ ಎಂದು ಕೇಳಿ. ಆ ಎರಡು ಸಾಲು ಕೇಳಿ ಪಡೆಯುವ ಹಕ್ಕು ಅವಳಿಗಿದೆ.

ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿರುವುದೊಂದನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ಬೀದರಿನ ಒಂದು ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ಹುಡುಗ ಬಿದ್ರಿ ಕೆಲಸದ ನಾಲ್ಕೈದು ಒಡೆದ ಚೂರುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದ. ಬಿದ್ರಿ ಪಾತ್ರೆಯ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸರಿಯಾದ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಗುರುತಿಸುತ್ತಾರೆ. ಹುಡುಗನ ಪ್ರಶ್ನೆ ಒಂದೇ: ನಮ್ಮ ಹೊಲದ ಮಣ್ಣಿನಲ್ಲಿ ಹಾಕಿದರೆ ಯಾಕೆ ಹಾಗೆ ಕಪ್ಪಾಗುವುದಿಲ್ಲ? ಕೋಟೆ ಮಣ್ಣು, ಹೊಲದ ಮಣ್ಣು, ಕೆರೆ ಮಣ್ಣು, ಮೂರರಲ್ಲೂ ಹಾಕಿ ಚೂರುಗಳನ್ನು ಸಾಲಾಗಿ ಜೋಡಿಸಿದ್ದ. ಅವನ ಚಾರ್ಟು ಹರಿದಿತ್ತು, ಮಾತು ತಡವರಿಸುತ್ತಿತ್ತು. ನನ್ನ ಕೈಯಲ್ಲಿದ್ದ ಅಂಕಪಟ್ಟಿಯಲ್ಲಿ ಮಾದರಿಯ ಅಂದಕ್ಕೆ ಅಂಕ ಇತ್ತು, ವಿವರಣೆಗೆ ಅಂಕ ಇತ್ತು. ಪ್ರಶ್ನೆಗೆ ಅಂಕ ಇರಲಿಲ್ಲ. ಪಟ್ಟಿಯಲ್ಲಿದ್ದಂತೆ ಕೂಡಿಸಿದೆ, ಅವನು ಹನ್ನೊಂದನೆಯವನಾದ. ಅವತ್ತು ವಿಶೇಷ ಬಹುಮಾನ ಎಂಬ ಏರ್ಪಾಡೇ ಇರಲಿಲ್ಲ. ಅವನ ಹೆಸರನ್ನೂ ನಾನು ಬರೆದುಕೊಳ್ಳಲಿಲ್ಲ. ಆ ತಟ್ಟೆ ಈಗಲೂ ನೆನಪಾಗುತ್ತದೆ.

ಆದ್ದರಿಂದ ಪೇಟೆಯಲ್ಲಿ ಮಾದರಿ ಮಾಡಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಬೇರೆಯವರು ಮಾಡಿದ ಥರ್ಮಾಕೋಲಿನ ಅಣೆಕಟ್ಟಿನ ಮುಂದೆ ನಿಂತು ಕಂಠಪಾಠ ಒಪ್ಪಿಸಿದರೆ ಶೀಲ್ಡು ಬರಬಹುದು. ಆ ನೋಟ್‌ಬುಕ್ಕಿನ ಹುಡುಗಿ ಮಾತ್ರ ಅಲ್ಲಿಗೇ ನಿಂತುಹೋಗುತ್ತಾಳೆ.

ಅವಳ ಕೆಲಸದಲ್ಲಿ ಕೊರತೆಯೂ ಇದೆ, ಅದನ್ನು ಅವಳಿಗೆ ನೇರವಾಗಿ ಹೇಳಿ. ಬಗೆಗೊಂದೇ ಡಬ್ಬಿ ಇಟ್ಟರೆ ಸಾಲದು. ಬೇವಿನ ಡಬ್ಬಿಗೆ ಬಿಟ್ಟ ಐದರಲ್ಲಿ ಹೆಣ್ಣು ದುಂಬಿಗಳೇ ಹೆಚ್ಚಿದ್ದಿರಬಹುದು, ಯಾರಿಗೆ ಗೊತ್ತು? ಬಗೆಗೆ ಮೂರು ಡಬ್ಬಿಯಾದರೂ ಇಟ್ಟು ಸರಾಸರಿ ತೆಗೆಯಬೇಕು. ಇನ್ನು, ಎಣ್ಣೆ ಯಾಕೆ ಗೆದ್ದಿತು ಎಂಬುದನ್ನು ಅವಳು ಬರೆದಿಲ್ಲ. ದುಂಬಿ ತನ್ನ ಮೊಟ್ಟೆಯನ್ನು ಕಾಳಿನ ಮೇಲೆಯೇ ಅಂಟಿಸುತ್ತದೆ. ಬರಿಗಣ್ಣಿಗೆ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಮರಿ ಅಲ್ಲಿಂದ ಕಾಳಿನೊಳಗೆ ಕೊರೆದುಕೊಂಡು ಹೋಗಿ, ಒಳಗೇ ಬೆಳೆದು, ದುಂಡಗಿನ ತೂತು ಮಾಡಿಕೊಂಡು ದುಂಬಿಯಾಗಿ ಹೊರಬರುತ್ತದೆ. ಎಣ್ಣೆಯ ತೆಳು ಪದರ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಬೂದಿ ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆದು ಅದನ್ನು ಒಣಗಿಸುತ್ತದೆ, ಕಾಳುಗಳ ನಡುವಿನ ಸಂದಿಯನ್ನೂ ಮುಚ್ಚುತ್ತದೆ. ಈ ಹುಳು ಬೇಳೆಗಿಂತ ಇಡೀ ಕಾಳನ್ನೇ ಹೆಚ್ಚು ಇಷ್ಟಪಡುತ್ತದೆ. ನಮ್ಮ ಹಿರಿಯರು ತೊಗರಿಯನ್ನು ಒಡೆದು ಬೇಳೆ ಮಾಡಿ ಇಡುತ್ತಿದ್ದುದರ ಲಾಭಗಳಲ್ಲಿ ಇದೂ ಒಂದು. ಮುಂದಿನ ಸಲ ಬೇಳೆಗೂ ಒಂದು ಸಾಲು ಎಳೆಯಲಿ.

ನಿಮ್ಮಂತಹ ರೈತರಿಗೆ ಬೇಕಾದ ದೊಡ್ಡ ಪ್ರಶ್ನೆ ಇನ್ನೂ ಉಳಿದಿದೆ: ಎಣ್ಣೆ ಸವರಿದ ಕಾಳು ಮೊಳೆಯುತ್ತದೆಯೇ? ಅಡುಗೆಗೆ ಸರಿ, ಬಿತ್ತನೆಗೆ? ಪ್ರತಿ ಡಬ್ಬಿಯಿಂದ ತೂತಿಲ್ಲದ ಇಪ್ಪತ್ತು ಕಾಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಒಂದು ವಾರ ನೋಡಲಿ. ಇದಕ್ಕೆ ಖರ್ಚು ಏನೂ ಇಲ್ಲ.

ಇದನ್ನೆಲ್ಲ ಎಲ್ಲಿಗೆ ಒಯ್ಯಬೇಕು? ಮೊದಲು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದ ಮಕ್ಕಳಿಗೆ. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಮಾದರಿ ಮುಖ್ಯವಲ್ಲ. ಊರಿನ ಸಮಸ್ಯೆಯೊಂದನ್ನು ಹಿಡಿದು ಮಗು ತಾನೇ ಮಾಡಿದ ಅಧ್ಯಯನವನ್ನು, ದಿನದಿನದ ಬರಹವನ್ನು ನೋಡುತ್ತಾರೆ. ನಿಮ್ಮ ಮಗಳ ನೋಟ್‌ಬುಕ್ಕಿಗೆ ತಕ್ಕ ಜಾಗ ಅದು. ಎರಡನೆಯದು ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆ. ಅದಕ್ಕೆ ಹೊಸದೊಂದು ಸಾಧನದ ಅಥವಾ ವಿಧಾನದ ವಿಚಾರ ಬೇಕು. ಶಾಲೆಯೇ ಹೆಸರು ಕಳುಹಿಸಬೇಕು. ವಿಚಾರ ಆಯ್ಕೆಯಾದರೆ ಮಾದರಿ ಮಾಡುವ ಮೊದಲೇ 10,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ನೂರು ಕೆ.ಜಿ. ಕಾಳಿಗೆ ಅಳತೆ ತಪ್ಪದೆ ಎಣ್ಣೆ ಸವರುವ ಕೈಯಂತ್ರವೊಂದರ ಬಗ್ಗೆ ಅವಳು ಯೋಚಿಸಬಹುದೇನೋ. ಅದನ್ನು ಅವಳಿಗೇ ಬಿಡಿ. ಈ ನಡುವೆ ಒಂದು ದಿನ ಅವಳನ್ನು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನೆಟೆ ರೋಗವನ್ನು ತಡೆದುಕೊಳ್ಳುವ ಟಿಎಸ್-3ಆರ್ ತೊಗರಿ ತಳಿ ಅಲ್ಲಿಂದಲೇ ಬಂದದ್ದು, ನೀವೂ ಬಿತ್ತಿರಬಹುದು. ಹುಳುಗಳನ್ನೇ ಓದಿದವರ ಮುಂದೆ ಅವಳು ತನ್ನ ಚೌಕಗಳನ್ನು ಬಿಚ್ಚಿಡಲಿ.

ಈ ಪತ್ರವನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು ಎಂದು ಹೆಮ್ಮೆ ಪಡುತ್ತೇವೆ. ಆ ಬೇಳೆಯ ಮೇಲೆ ಬದುಕುವ ದಾಲ್ ಮಿಲ್ಲುಗಳವರು, ವರ್ತಕರು, ಬೆಳೆಗಾರರ ಸಂಘದವರು ಸೇರಿ ಈ ವಿಭಾಗದ ಮೇಳದಲ್ಲಿ ತೊಗರಿಯ ಬಗ್ಗೆ ಕೆಲಸ ಮಾಡಿದ ಮಗುವಿಗೆಂದೇ ಒಂದು ಬಹುಮಾನ ಇಡಲು ಸಾಧ್ಯವಿಲ್ಲವೇ? ಬೀದರಿನ ಪಶು ವಿಶ್ವವಿದ್ಯಾಲಯ ದೇವಣಿ ದನಗಳ ಬಗ್ಗೆ ಪ್ರಶ್ನೆ ಕೇಳುವ ಮಗುವನ್ನು ಆರಿಸಲಿ. ಯಾದಗಿರಿಯಲ್ಲಿ ಕೊಳವೆಬಾವಿಯ ನೀರನ್ನು ಪರೀಕ್ಷಿಸುವ ಮಗುವನ್ನು ವೈದ್ಯರು ಆರಿಸಲಿ. ಬಿದ್ರಿಯ ಹಿರಿಯ ಕುಶಲಕರ್ಮಿಯೊಬ್ಬರು ತಾವೇ ಬಂದು ಮೇಜುಗಳ ನಡುವೆ ನಡೆಯಲಿ. ದೊಡ್ಡ ಮೊತ್ತ ಬೇಕಾಗಿಲ್ಲ. ಯಾಕೆ ಆರಿಸಿದೆವು ಎಂದು ಕೈಯಾರೆ ಬರೆದ ನಾಲ್ಕು ಸಾಲು, ಅವರ ಕೆಲಸದ ಜಾಗದಲ್ಲಿ ಆ ಮಗುವಿಗೆ ಒಂದು ದಿನ, ಅಷ್ಟು ಸಾಕು. ಮುಂದೆ ಬರುವವರು ನಮ್ಮ ಕಚೇರಿಗೆ ಬರೆದರೆ ಸಂಘಟಕರೊಡನೆ ನಾನೇ ಕೂತು ಮಾತನಾಡುತ್ತೇನೆ.

ಕೊನೆಯದಾಗಿ ಒಂದು ಕೋರಿಕೆ. ಜೆರಾಕ್ಸಿನಲ್ಲಿ ಪೆನ್ಸಿಲಿನ ಗೆರೆಗಳು ಮಸುಕಾಗಿವೆ. ಮಗಳು ಒಪ್ಪಿದರೆ ನೋಟ್‌ಬುಕ್ಕನ್ನೇ ನಮಗೆ ಹತ್ತು ದಿನದ ಮಟ್ಟಿಗೆ ಕಳುಹಿಸಿ, ರಿಜಿಸ್ಟರ್ ಅಂಚೆಯಲ್ಲಿ ಜೋಪಾನವಾಗಿ ಹಿಂದಿರುಗಿಸುತ್ತೇವೆ. ಆ ಎರಡು ಪುಟಗಳನ್ನು ಮುಂದಿನ ಸಂಚಿಕೆಯಲ್ಲಿ ಅವಳ ಅಕ್ಷರದಲ್ಲಿಯೇ ಅಚ್ಚು ಹಾಕಬೇಕೆಂದಿದ್ದೇವೆ, ಪಂಚಮಿ ವಾರದ ಖಾಲಿ ಚೌಕಗಳ ಸಮೇತ.