4ನೇ ತರಗತಿಗೆ ಬರವಣಿಗೆ ಕಲಿಸೋದು ಹೇಗೆ ಅಂತ ಎಲ್ಲಿ ಕಲಿಯಲಿ, ತರಬೇತಿ, ಡಿಪ್ಲೊಮಾ ಏನಾದರೂ ಮಾಡಲಾ? ಪುಸ್ತಕ ತಿದ್ದಿ ತಿದ್ದಿ ಸುಸ್ತಾಗಿದೆ. ಮೊದಲು ಕಾಗುಣಿತ ಸರಿ ಮಾಡಿಸಿ, ಆಮೇಲೆ ಸ್ವಂತ ವಾಕ್ಯ ಬರೆಸಿದರೆ ಸರಿನಾ?

ಸರಿಯಲ್ಲ. ನಾನೂ ಹೀಗೇ ಅಂದುಕೊಂಡು ಒಂದಿಡೀ ವರ್ಷ ಕಳೆದೆ. ಅದಕ್ಕೇ ತರಬೇತಿಯ ಮಾತು ಆಮೇಲೆ, ಮೊದಲು ಒಂದು ಎಮ್ಮೆಯ ಮಾತು.

ನಾನು ಮಂಡ್ಯದ ಕಡೆಯವನು, ಕೆಲಸ ಸಿಕ್ಕಿದ್ದು ಗದಗ ಜಿಲ್ಲೆಯ ಹಳ್ಳಿಯಲ್ಲಿ. 4ನೇ ತರಗತಿಯಲ್ಲಿ 31 ಮಕ್ಕಳು. ಮೊದಲ ತಿಂಗಳು 'ನಿಮ್ಮ ಮನೆಯ ಪ್ರಾಣಿ' ಅಂತ ವಿಷಯ ಕೊಟ್ಟೆ. ಒಬ್ಬ ಹುಡುಗಿ ಬರೆದದ್ದು ಇಷ್ಟು:

"ನಮ ಎಮಿ ಈದೈತಿ. ಅವ ಗಿಣ ಮಾಡ್ಯಾಳ. ಕರ ನನ ಕೈ ನೆಕಿತು. ಅದರ ನಾಲಗಿ ಕರಕರ ಅಂತೈತಿ."

14 ಪದ. ನಾನು ಹಾಕಿದ ಕೆಂಪು ಗುರುತು 12. ನಮ್ಮ, ಎಮ್ಮಿ, ಅವ್ವ, ಗಿಣ್ಣ, ನನ್ನ, ನೆಕ್ಕಿತು, ಹೀಗೆ ಬಿಟ್ಟುಹೋದ ಆರು ಒತ್ತು ಸೇರಿಸಿದೆ. ಆಮೇಲೆ ಎಮ್ಮಿ ಹೊಡೆದು ಎಮ್ಮೆ ಮಾಡಿದೆ, ಈದೈತಿ ಹೋಗಿ 'ಕರು ಹಾಕಿದೆ' ಆಯಿತು, ಮಾಡ್ಯಾಳ ಅನ್ನೋದು ಮಾಡಿದ್ದಾಳೆ ಆಯಿತು, ಕರ ಕರುವಾಯಿತು, ನಾಲಗಿ ನಾಲಗೆಯಾಯಿತು. ಕೊನೆಗೆ 'ಕರಕರ ಅಂತೈತಿ' ಅನ್ನೋದನ್ನು ಅಡ್ಡಗೆರೆ ಎಳೆದು 'ಒರಟಾಗಿದೆ' ಅಂತ ಬರೆದೆ. ಕೆಂಪು ಬೀಳದೆ ಉಳಿದದ್ದು ಎರಡೇ ಪದ: 'ಕೈ' ಮತ್ತು 'ಅದರ'.

ಮುಂದಿನ ವಾರ ಅವಳ ಪುಟದಲ್ಲಿ ಇದ್ದದ್ದು: "ಹಸು ಸಾಕು ಪ್ರಾಣಿ. ಹಸು ಹಾಲು ಕೊಡುತ್ತದೆ. ಹಸುವಿಗೆ ನಾಲ್ಕು ಕಾಲು." ಒಂದೂ ತಪ್ಪಿಲ್ಲ. ಅವರ ಮನೆಯಲ್ಲಿ ಹಸುವೇ ಇರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ 'ಕೆಂಪು ಪೆನ್ನು ಬಳಸಬೇಡಿ, ಮಕ್ಕಳು ಹೆದರುತ್ತಾರೆ' ಅನ್ನುವ ಉಪದೇಶ ಎಲ್ಲರೂ ಕೊಡುತ್ತಾರೆ. ನನ್ನ ತಪ್ಪು ಪೆನ್ನಿನ ಬಣ್ಣದ್ದಲ್ಲ. ಹಸಿರು ಪೆನ್ನಲ್ಲಿ ತಿದ್ದಿದ್ದರೂ ಇದೇ ಆಗುತ್ತಿತ್ತು. ಆ 12 ಗುರುತುಗಳನ್ನು ಎಣಿಸಿದೆನೇ ಹೊರತು ಬೇರೆ ಬೇರೆ ಮಾಡಿ ನೋಡಲಿಲ್ಲ. ನೋಡಿದ್ದರೆ ಅಲ್ಲಿದ್ದ ಕಾಗುಣಿತದ ತಪ್ಪು ಒಂದೇ ಒಂದು ಅಂತ ಗೊತ್ತಾಗುತ್ತಿತ್ತು. ಬಿಟ್ಟುಹೋದ ಆರೂ ಒತ್ತುಗಳು ಸಜಾತೀಯ ಒತ್ತುಗಳು: ಮ್ಮ, ಮ್ಮಿ, ವ್ವ, ಣ್ಣ, ನ್ನ, ಕ್ಕಿ. ಆದರೆ ಅದೇ ಹುಡುಗಿ 'ಮಾಡ್ಯಾಳ' ಅಂತ ಡ್ಯಾ ಸರಿಯಾಗಿ ಬರೆದಿದ್ದಾಳೆ! ಅಂದರೆ ಒತ್ತು ಬರೆಯಲು ಅವಳಿಗೆ ಬರುತ್ತದೆ. ಒಂದೇ ಅಕ್ಷರ ಎರಡು ಸಲ ಬಂದಾಗ ಮಾತ್ರ ಅದು ಅವಳ ಕಿವಿಗೆ ಬೀಳುತ್ತಿಲ್ಲ. ಹತ್ತು ನಿಮಿಷದ ಪಾಠದಲ್ಲಿ ಹಿಡಿಯಬಹುದಾದ ವಿಷಯ ಅದು.

ಉಳಿದ ಆರು ತಪ್ಪುಗಳೇ ಅಲ್ಲ. ಎಮ್ಮೆ ಎಮ್ಮಿ ಆಗೋದು, ಮನೆ ಮನಿ ಆಗೋದು, ನಾಲಗೆ ನಾಲಗಿ ಆಗೋದು ಆ ಸೀಮೆಯ ನಿಯಮ. ಪದದ ಕೊನೆಯ ಎಕಾರ ಅಲ್ಲಿ ಇಕಾರವಾಗುತ್ತದೆ, ಗಡಿಯಾರದ ಹಾಗೆ ಕ್ರಮಬದ್ಧವಾಗಿ. (ನಮ್ಮ ಕಡೆ ಹಾಲು 'ಆಲು' ಆಗುತ್ತದೆ, ಹಸು 'ಅಸು' ಆಗುತ್ತದೆ. ಇಂಥ ನಾನು ಅವಳ ಮಾತು ತಿದ್ದಲು ಹೋಗಿದ್ದೆ.) ನಾನು ಆ ಎರಡು ರಾಶಿಯನ್ನೂ ಒಂದೇ ಕೆಂಪಿನಲ್ಲಿ ಅದ್ದಿದೆ. ಒತ್ತು ಬಿಟ್ಟಿದ್ದು ತಪ್ಪು, ಅವ್ವನ ಮಾತು ಬರೆದದ್ದೂ ತಪ್ಪು, ಕರುವಿನ ನಾಲಗೆ ಕರಕರ ಅಂದದ್ದೂ ತಪ್ಪು. ಹೀಗಿರುವಾಗ ಮಗು ಏನು ಮಾಡಬೇಕು? ತಪ್ಪಾಗದ ಮೂರು ವಾಕ್ಯ ಹುಡುಕಿ ಕೂತಿತು.

ಈಗ ನಿಮ್ಮ ಪ್ರಶ್ನೆಗೆ. 'ಮೊದಲು ಕಾಗುಣಿತ' ಅನ್ನುವ ಮೊದಲು, 4ಕ್ಕೆ ಬರುವ ಮಕ್ಕಳು 3ನೇ ತರಗತಿವರೆಗೆ ಹೇಗೆ ಕಲಿತು ಬಂದಿರುತ್ತಾರೆ ಅಂತ ಗಮನಿಸಿ. ಸರ್ಕಾರಿ ಶಾಲೆಯಾದರೆ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರೋದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಯಾಕೆ ಅಂದರೆ ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ಗರಗಸ, ಸರಸರ ಅಂತೆಲ್ಲ ಪದ ಆಗುತ್ತವೆ. ಕಾಗುಣಿತ ಬರುವ ಮೊದಲೇ ಮಗು ಅರ್ಥವಿರುವ ಪದ ಬರೆಯುತ್ತದೆ. ಒಂದನೇ ತರಗತಿಯಲ್ಲೇ ಹೀಗಿರುವಾಗ, 4ಕ್ಕೆ ಬಂದಮೇಲೆ ಗುಣಿತ ಪೂರ್ತಿಯಾಗಲಿ ಅಂತ ಕಾಯಿಸೋದು ಹಿಂದಕ್ಕೆ ನಡೆದ ಹಾಗೆ.

ನಾನು ಆಮೇಲೆ ಬದಲಿಸಿದ್ದು ನೋಟ್‌ಬುಕ್ಕಿನಿಂದ ಶುರು. ಕೇಳಲು ಸಣ್ಣ ವಿಷಯ, ಆದರೆ ಕನ್ನಡಕ್ಕೆ ಇದು ಮುಖ್ಯ. ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ. ಸಿಂಗಲ್ ರೂಲ್ ಪುಸ್ತಕದಲ್ಲಿ ಸಾಲು ಬಿಡದೆ ಬರೆಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ, ಏತ್ವಕ್ಕೆ ಡಿಕ್ಕಿ ಹೊಡೆಯುತ್ತದೆ. ಜಾಗ ಸಾಲದೆ ಒತ್ತನ್ನೇ ಬಿಡುವ ಮಕ್ಕಳಿದ್ದಾರೆ. ಅದನ್ನು ನಾವು ಕಾಗುಣಿತ ಬರಲ್ಲ ಅಂತ ಲೆಕ್ಕ ಹಾಕುತ್ತೇವೆ. ಆದ್ದರಿಂದ ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಬೇಕು. ಬಲಪುಟದಲ್ಲಿ ಮಾತ್ರ. ಎಡಪುಟ ಖಾಲಿ ಇರಲಿ, ಅದರ ಕೆಲಸ ಮುಂದೆ ಬರುತ್ತದೆ. ರಬ್ಬರ್ ಬೇಡ. ರಬ್ಬರ್ ಕೈಗೆ ಕೊಟ್ಟರೆ ಬರೆಯಲು ಕೊಟ್ಟ 12 ನಿಮಿಷದಲ್ಲಿ 5 ನಿಮಿಷ ಉಜ್ಜುವುದರಲ್ಲೇ ಹೋಗುತ್ತದೆ, ಕಾಗದವೂ ಹರಿಯುತ್ತದೆ. ಒಂದೇ ಗೆರೆ ಎಳೆದು ಮುಂದೆ ಹೋಗಲಿ.

ಒತ್ತು ಯಾವುದು ಅಂತ ಗೊತ್ತಾಗದಿದ್ದರೆ ಅಕ್ಷರದ ಕೆಳಗೆ ಸಣ್ಣ ಸೊನ್ನೆ ಹಾಕಿ ಮುಂದೆ ಬರೆಯಲು ಹೇಳಿ. 'ಇಲ್ಲಿ ಏನೋ ಇದೆ, ನನಗೆ ಗೊತ್ತಿಲ್ಲ' ಅಂತ ಆ ಸೊನ್ನೆಯ ಅರ್ಥ. ಸೊನ್ನೆ ಹಾಕಿದ ಮಗುವಿಗೆ ಅರ್ಧ ಕಾಗುಣಿತ ಬಂದ ಹಾಗೆಯೇ, ಯಾಕೆಂದರೆ ಒತ್ತು ಕಿವಿಗೆ ಕೇಳಿಸಿದೆ. 'ಟೀಚರ್, ಇದು ಹೆಂಗ?' ಅಂತ ನಿಮಿಷಕ್ಕೊಮ್ಮೆ ಎದ್ದು ಬರುವುದೂ ಇದರಿಂದ ನಿಲ್ಲುತ್ತದೆ.

40 ನಿಮಿಷದ ಪೀರಿಯಡ್ ಇದ್ದರೆ 10 ನಿಮಿಷ ಬರೀ ಮಾತು. ವಿಷಯ ಕಿರಿದಾಗಿರಲಿ. 'ಮಳೆಗಾಲ' ಅಂದರೆ "ಮಳೆಗಾಲದಲ್ಲಿ ಮಳೆ ಬರುತ್ತದೆ" ಅಂತಲೇ ಬರುತ್ತದೆ. 'ನಿನ್ನೆ ಮಳೆ ಬಂದಾಗ ನಿಮ್ಮನೆಯಲ್ಲಿ ಯಾವುದನ್ನು ಮೊದಲು ಒಳಗೆ ತಂದರು?' ಅಂತ ಕೇಳಿ. ಒಣಮೆಣಸಿನಕಾಯಿ, ಸೌದೆ, ಅಜ್ಜನ ಮಂಚ, ಮೇಕೆ ಮರಿ, ಪ್ರತಿ ಮಗುವಿನದ್ದೂ ಬೇರೆ. ಪಕ್ಕದವರಿಗೆ ಬಾಯಲ್ಲಿ ಹೇಳಲಿ. ಬಾಯಲ್ಲಿ ಎರಡು ವಾಕ್ಯ ಬಾರದ ಮಗುವಿಗೆ ಕೈಯಲ್ಲಿ ನಾಲ್ಕು ಬರೋದಿಲ್ಲ.

ಆಮೇಲೆ 6 ನಿಮಿಷ ನೀವು ಬೋರ್ಡಿನ ಮೇಲೆ ಬರೆಯಿರಿ. ಮಾದರಿ ಪ್ರಬಂಧ ಬೇಡ, ನಿಮ್ಮ ಮನೆಯ ಮಳೆ ಬರೆಯಿರಿ. ಬರೆಯುತ್ತಾ ಗಟ್ಟಿಯಾಗಿ ಯೋಚಿಸಿ: 'ಬಟ್ಟೆ ತಂದರು ಅನ್ನಲಾ, ಯಾವ ಬಟ್ಟೆ? ಅಪ್ಪನ ಪಂಚೆ.' ಬಟ್ಟೆ ಹೊಡೆದು ಪಂಚೆ ಅಂತ ಬರೆಯಿರಿ. ಮೇಷ್ಟ್ರು ಹೊಡೆದುಹಾಕುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಮುಗಿದ ಕೂಡಲೇ ಬೋರ್ಡ್ ಒರೆಸಿಬಿಡಿ. ಉಳಿಸಿದರೆ 31 ಮನೆಯಲ್ಲೂ ನಿಮ್ಮ ಅಪ್ಪನ ಪಂಚೆಯೇ ಒಣಗುತ್ತಿರುತ್ತದೆ.

ನಂತರ 12 ನಿಮಿಷ ಅವರು ಬರೆಯುವುದು. ಉಳಿದ ಹೊತ್ತಲ್ಲಿ ನಾಲ್ಕೈದು ಮಕ್ಕಳು ಎದ್ದು ಓದಲಿ, ಕೇಳುವವರು ಒಂದೊಂದು ಪ್ರಶ್ನೆ ಕೇಳಲಿ. 'ಚೆನ್ನಾಗಿದೆ' ಅಂತ ಚಪ್ಪಾಳೆ ಬೇಡ, ಪ್ರಶ್ನೆ ಬೇಕು. 'ಮೇಕೆ ಮರಿ ಎಲ್ಲಿ ಮಲಗಿತು?' ಅಂತ ಯಾರೋ ಕೇಳಿದರೆ, ಅದರ ಉತ್ತರವೇ ನಾಳೆಯ ಎರಡು ವಾಕ್ಯ.

ತಿದ್ದುವ ಕೆಲಸಕ್ಕೆ ಬನ್ನಿ, ನಿಮಗೆ ಸುಸ್ತಾಗಿರೋದು ಇದರಲ್ಲಿ. 31 ಪುಸ್ತಕಕ್ಕೆ ತಲಾ 12 ಗುರುತು ಅಂದರೆ 372. ಅಷ್ಟು ಗೀಚಿದರೂ ಮುಂದಿನ ವಾರ ಅದೇ ತಪ್ಪು. ದಿನಕ್ಕೆ ಆರು ಪುಸ್ತಕ ಸಾಕು, ವಾರದಲ್ಲಿ ಎಲ್ಲರದ್ದೂ ಒಮ್ಮೆ ಮುಗಿಯುತ್ತದೆ. ಬಲಪುಟ ಮುಟ್ಟಬೇಡಿ. ಎಡಪುಟದಲ್ಲಿ ಒಂದು ಸಾಲು ನಿಜವಾದ ಪ್ರಶ್ನೆ ಬರೆಯಿರಿ, ಕೆಳಗೆ ತಾರೀಖು, ಸಹಿ. ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು 'ಪುಸ್ತಕ ತಿದ್ದಿಲ್ಲವಲ್ಲ' ಅಂದರೆ ತೋರಿಸಲು ಅದಿದೆ. ತಪ್ಪುಗಳನ್ನು ನಿಮ್ಮ ಡೈರಿಯಲ್ಲಿ ರಾಶಿ ಹಾಕಿಕೊಳ್ಳಿ. ಎರಡು ವಾರದಲ್ಲಿ ಕಣ್ಣಿಗೆ ಹೊಡೆಯುತ್ತದೆ: ತಪ್ಪುಗಳು ನೂರಾರು, ಬಗೆಗಳು ನಾಲ್ಕೈದೇ.

ನನಗೆ ಸಿಕ್ಕವು ಇವು. ಸಜಾತೀಯ ಒತ್ತು ಬಿಡೋದು ಮೊದಲನೆಯದು, ಅದಕ್ಕೆ ಮದ್ದು ಚಪ್ಪಾಳೆ. ಅಕ್-ಕ, ಅಜ್-ಜ, ಹಬ್-ಬ ಅಂತ ತುಂಡು ಮಾಡಿ ತಟ್ಟಿಸಿ. 'ಅಜ್ಜಿ ಕತೆ ಹೇಳಿದಳು', 'ಅಜ್ಜಿ ಕತ್ತೆ ಹೇಳಿದಳು' ಎರಡನ್ನೂ ಬೋರ್ಡಲ್ಲಿ ಬರೆದರೆ ತರಗತಿ ನಗುತ್ತದೆ, ಆ ನಗುವಲ್ಲೇ ಒತ್ತು ಕೂರುತ್ತದೆ. ಎರಡನೆಯದು ಒತ್ತಿನ ಆಕಾರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪಗಳು. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲವನ್ನು ಹೋಲುವುದೇ ಇಲ್ಲ. 34 ವ್ಯಂಜನದ ಒತ್ತನ್ನೂ ಸಾಲಾಗಿ ಬರೆಸಿ ಕೈ ನೋಯಿಸುವ ಬದಲು ಈ ಆರನ್ನು ಗೋಡೆಗೆ ಅಂಟಿಸಿ. ಮೂರನೆಯದು ಅರ್ಕಾವತ್ತು. ಸೂರ್ಯ ಅನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಕೊನೆಗೆ ಬರುತ್ತದೆ. ಮಗು 'ಸೂಯ್ರ' ಅಂತ ಬರೆದರೆ ಅದು ದಡ್ಡತನವಲ್ಲ, ಲಿಪಿಯೇ ತಿರುವುಮುರುವು. ಆಮೇಲೆ ಗುಣಿತದ ತಂಟೆಕೋರರು: ಪು, ವು, ಮೊ, ಯೊ. ವಕಾರಕ್ಕೆ ಉಳಿದವುಗಳ ಹಾಗೆ ಪಕ್ಕದಲ್ಲಿ ಕೊಂಬು ಕೊಟ್ಟರೆ ಅದು ಮಕಾರದ ಹಾಗೆ ಕಾಣುತ್ತದೆ, ಅದಕ್ಕೇ ವು ಅಕ್ಷರದ ಕೊಂಬು ಕೆಳಗೆ ಇಳಿದಿದೆ. ಕಾರಣ ಹೇಳಿದರೆ ಮಕ್ಕಳು ಮರೆಯೋದಿಲ್ಲ. ಶ, ಷ, ಸ ಮತ್ತು ಮಹಾಪ್ರಾಣದ ಗೊಂದಲ ಇದ್ದೇ ಇದೆ. ಅದು ಓದಿ ಓದಿ ಕಣ್ಣಿಗೆ ಅಭ್ಯಾಸವಾಗಬೇಕಾದದ್ದು. 4ರಲ್ಲಿ ಅದರ ಹಿಂದೆ ಬೀಳಬೇಡಿ.

ವಾರಕ್ಕೆ ಒಂದೇ ಬಗೆ. ಹತ್ತು ನಿಮಿಷದ ಪಾಠ, ಪದಗಳೆಲ್ಲ ಮಕ್ಕಳ ಪುಸ್ತಕದಿಂದಲೇ. ಆಮೇಲೆ ಅವರೇ ತಮ್ಮ ಹಳೆಯ ಬಲಪುಟಕ್ಕೆ ಹೋಗಿ ಆ ಒಂದು ಬಗೆಯ ತಪ್ಪು ಮಾತ್ರ ಹುಡುಕಿ ತಿದ್ದಲಿ. ಸಾಲು ಬಿಟ್ಟಿರುವುದರಿಂದ ಜಾಗ ಇದೆ. ಎಮ್ಮೆಯ ಹುಡುಗಿಗೆ ಹೀಗೆ ಮಾಡಿದ್ದರೆ ಆರಕ್ಕೆ ಆರೂ ಅವಳೇ ಹುಡುಕುತ್ತಿದ್ದಳು.

ಆಡುಮಾತಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಮೊದಲ ಬರಹದಲ್ಲಿ ಮುಟ್ಟಲೇಬಾರದು. ಧಾರವಾಡದ ಮಾತನ್ನೇ ಕವಿತೆ ಮಾಡಿದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂದಿದೆ, 4ನೇ ತರಗತಿಯ ನೋಟ್‌ಬುಕ್ಕಿಗೆ ಆ ಮಾತು ಬರಬಾರದೇ? ಹಾಗಂತ ಪುಸ್ತಕದ ಕನ್ನಡ ಬೇಡ ಅನ್ನುತ್ತಿಲ್ಲ. ಪರೀಕ್ಷೆಗೂ ಅರ್ಜಿಗೂ ಅದೇ ಬೇಕು. ಎಡಪುಟದ ಇನ್ನೊಂದು ಕೆಲಸ ಇದು: ನಡುವೆ ಗೆರೆ ಎಳೆದು ಒಂದು ಕಡೆ 'ಮನಿ ಮಾತು', ಇನ್ನೊಂದು ಕಡೆ 'ಪುಸ್ತಕದ ಮಾತು'. ಹೊಂಟೈತಿ, ಹೊರಟಿದೆ. ಬರಾಕತ್ತೈತಿ, ಬರುತ್ತಿದೆ. ವಾರಕ್ಕೆ ಐದು ಜೋಡಿ ಸಾಕು. ಗೋಡೆಪತ್ರಿಕೆಗೆ ಹಾಕುವ ಬರಹವನ್ನು ಮಾತ್ರ ಮಗುವೇ ಪುಸ್ತಕದ ಮಾತಿಗೆ ತಿರುಗಿಸಲಿ. ಅವ್ವ, ಅಜ್ಜ ಆಡಿದ ಮಾತು ಅಲ್ಲೂ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇರಲಿ.

ತರಬೇತಿ, ಡಿಪ್ಲೊಮಾ ಅಂತ ಕೇಳಿದ್ದೀರಿ. ಹೋಗಿ, ಬೇಡ ಅನ್ನಲ್ಲ. ನಾನು ಕಂಡ ತರಬೇತಿಗಳಲ್ಲಿ ಬರವಣಿಗೆ ಅಂದರೆ ಅಕ್ಷರ ದುಂಡಾಗಿರುವುದು. ಅಲ್ಲಿಗಿಂತ ಹೆಚ್ಚು ಕಲಿತದ್ದು ವಾರಕ್ಕೊಮ್ಮೆ ಮಕ್ಕಳ ಜೊತೆ ಕೂತು ಅದೇ ವಿಷಯಕ್ಕೆ ನಾನೂ ಬರೆದಾಗ. ಎಲ್ಲಿ ಸಿಕ್ಕಿಕೊಳ್ಳುತ್ತೇವೆ ಅಂತ ಆಗಲೇ ಗೊತ್ತಾಗೋದು.

ಸೋಮವಾರಕ್ಕೆ ವಿಷಯ ಬೇಕಿದ್ದರೆ ಇದನ್ನು ಕೊಡಿ: 'ನಿಮ್ಮನೆ ಬಾಗಿಲು ಹೇಗೆ ಸದ್ದು ಮಾಡುತ್ತೆ?' ಕಿರ್ರ್, ಧಡ್, ಕಟಕಟ, ಟಣ್. ಸದ್ದಿನ ಪದಕ್ಕೆ ಇಂಥದ್ದೇ ಸರಿ ಅನ್ನುವ ಕಾಗುಣಿತ ಇಲ್ಲ, ಆದ್ದರಿಂದ ಅದರಲ್ಲಿ ಯಾರೂ ತಪ್ಪು ಮಾಡಲಾರರು. ಕಿರ್ರ್ ಅನ್ನೋದಕ್ಕೆ ಎಷ್ಟು ಒತ್ತು ಕೊಡಬೇಕು ಅಂತ ಮಕ್ಕಳೇ ಜಗಳ ಆಡುತ್ತಾರೆ. ಆಡಲಿ ಬಿಡಿ, ಮಧ್ಯೆ ಬಾಯಿ ಹಾಕಬೇಡಿ.