ತಮ್ಮನ ಬಂಧನದ ಬಗ್ಗೆ ಕೇಳಿದ ಸಕಲೇಶಪುರದ ಅಕ್ಕನಿಗೆ

ಶನಿವಾರ ರಾತ್ರಿ ತಮ್ಮನನ್ನು ಹಿಡಿದಿದ್ದಾರೆ, ಸೋಮವಾರದವರೆಗೆ ಕೋರ್ಟ್ ಇಲ್ಲ ಅಂತಾರೆ, ವಕೀಲರಿಗೆ ದುಡ್ಡಿಲ್ಲ ಅಂದಿದ್ದೀರಿ. ಗಾಬರಿ ಬೇಡ ಅಕ್ಕ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಭಾನುವಾರ ಅನ್ನೋ ನೆಪ ನಡೆಯಲ್ಲ, ಅವರ ಮನೆಗಾದರೂ ಕರೆದೊಯ್ಯಬೇಕು. ಹೊಡೆದಿದ್ದರೆ ಅಲ್ಲೇ ಹೇಳಲಿ, ಗಾಯ ತೋರಿಸಲಿ. ಆಮೇಲೆ ಹೇಳಿದರೆ ನಂಬಿಸುವುದು ಕಷ್ಟ.

ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಈಗಲೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ನಾಳೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಿ ಬನ್ನಿ.

ಖಾಲಿ ಹಾಳೆಗೆ ಮಾತ್ರ ಸಹಿ ಹಾಕೋದು ಬೇಡ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿಯಾಗಲ್ಲ ನಿಜ. ಆದರೆ ಆ ಮಾತಿನಿಂದ ಯಾವುದಾದರೂ ವಸ್ತು ಸಿಕ್ಕರೆ ಅಷ್ಟು ಭಾಗವನ್ನು ಬಳಸಬಹುದು. ಅದಕ್ಕೇ ವಕೀಲರು ಬರೋ ತನಕ ಸುಮ್ನಿರಲಿ. ಆ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲೇ ಇದೆ.