ನಾಲ್ಕು ಎಕರೆಗೆ ಎಷ್ಟು ಮನೆ?

ಪ್ರಶ್ನೆ: ಊರಂಚಿನ ನಾಲ್ಕು ಎಕರೆಯಲ್ಲಿ ಲೇಔಟ್ ಮಾಡಬೇಕೆಂದಿದ್ದೇವೆ. 30x40ರ ಸೈಟು ಎಷ್ಟು ಬರುತ್ತವೆ? ನೀರಿನ ಲೆಕ್ಕ ಹೇಗೆ?

ಉತ್ತರ: ನಾಲ್ಕು ಎಕರೆ ಎಂದರೆ 1,74,240 ಚದರಡಿ. ರಸ್ತೆ, ಪಾರ್ಕು, ಸಿ.ಎ. (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ) ಜಾಗ ಬಿಟ್ಟು ಶೇ 55 ಉಳಿದರೆ ಹತ್ತಿರ ಹತ್ತಿರ 80 ಸೈಟು; ಜಮೀನು ಸೊಟ್ಟಗಿದ್ದರೆ ಇನ್ನೂ ಕಡಿಮೆ.

ಎಡವುವುದು ಮುಂದೆ. ಸೈಟಿಗೊಂದೇ ಮನೆ ಎಂದುಕೊಂಡು ಪೈಪು ಹೂಳುತ್ತಾರೆ, ಆಮೇಲೆ ಮಹಡಿ ಮೇಲೆ ಬಾಡಿಗೆ ಮನೆಗಳು ಏಳುತ್ತವೆ, ಮ್ಯಾನ್‌ಹೋಲ್ ಉಕ್ಕುತ್ತದೆ. ಸೈಟಿಗೆ ಮೂರು ಮನೆ, ಮನೆಗೆ ನಾಲ್ಕು ಜನ ಎಂದೇ ಹಿಡಿಯಿರಿ: 960 ಜನ. ತಲಾ 135 ಲೀಟರಿನಂತೆ ದಿನಕ್ಕೆ 1,29,600 ಲೀಟರ್ ನೀರು. ಅದರಲ್ಲಿ ಶೇ 80ರಷ್ಟು ಚರಂಡಿಗೆ. ಒಂದೇ ಕೊಳವೆಬಾವಿ ನೆಚ್ಚಿ ಕೂರುವಂತಿಲ್ಲ. ಅಷ್ಟು ನೀರಿಗೆ ದಾರಿಯಿಲ್ಲವೇ? ಸೈಟಿಗೆಷ್ಟು ಮನೆ ಎಂಬ ಮಿತಿಯನ್ನು ಕ್ರಯಪತ್ರದಲ್ಲೇ ಬರೆಸಿ; ಬಾಯಿಮಾತು ನಿಲ್ಲುವುದಿಲ್ಲ.